ಮಸಲ್ ಕಾರಿನ ಗುಡುಗು ಎಲ್ಲಿ ಹುಟ್ಟುತ್ತದೆ?

1970ರ ಜನವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ ಪಾಂಟಿಯಾಕ್ ಕಂಪನಿಯ ಒಂದು ಜಾಹೀರಾತು ಬಂತು. ಅದರಲ್ಲಿ ಜಿಟಿಒ ಕಾರಿನ ಚಾಲಕ ಡ್ಯಾಶ್‌ಬೋರ್ಡಿನ ಕೆಳಗಿರುವ ಒಂದು ನಾಬ್ ಎಳೆಯುತ್ತಾನೆ. ಕಾರಿನ ದನಿ ತಟ್ಟನೆ ಬದಲಾಗುತ್ತದೆ. ಎಂಜಿನ್ನಿನೊಳಗಿನ ನಿರ್ವಾತದ ಸೆಳೆತವನ್ನೇ ಬಳಸಿಕೊಂಡು ಆ ನಾಬ್ ಎರಡೂ ಸೈಲೆನ್ಸರ್‌ಗಳ ಒಳಗೆ ಒಂದು ಸುಲಭದ ದಾರಿ ತೆರೆಯುತ್ತಿತ್ತು. ಪಾಂಟಿಯಾಕ್‌ನ ಒಡೆಯ ಸಂಸ್ಥೆ ಜನರಲ್ ಮೋಟರ್ಸ್‌ನ ಹಿರಿಯರಿಗೆ ಇದು ಹಿಡಿಸಲಿಲ್ಲ. ಆ ಸೌಲಭ್ಯವನ್ನು ಮಾರುಕಟ್ಟೆಗೆ ಬಂದ ಕೆಲವೇ ತಿಂಗಳಲ್ಲಿ ನಿಲ್ಲಿಸಿಬಿಟ್ಟರು.

ನನಗೆ ಆ ನಾಬ್ ತುಂಬಾ ಇಷ್ಟ. ಸಾಧಾರಣ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ಇಂಥ ಮಸಲ್ ಕಾರಿನ ಸದ್ದಿನ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆಯನ್ನು ಅದು ಒಂದೇ ಎಳೆತದಲ್ಲಿ ಬಿಡಿಸುತ್ತದೆ. ನಾಬ್ ಎಳೆದಾಗ ಹೊಸ ದನಿಯೇನೂ ಹುಟ್ಟಲಿಲ್ಲ. ಅಲ್ಲಿಯವರೆಗೆ ಸೈಲೆನ್ಸರ್ ತಡೆದಿಟ್ಟಿದ್ದ ದನಿ ಹೊರಗೆ ಬಂತು, ಅಷ್ಟೇ. ಸೈಲೆನ್ಸರ್ ಒಂದು ಜರಡಿ. ಹಾಕಿದ ಹಿಟ್ಟಿನಲ್ಲಿ ಯಾವುದು ನಿಲ್ಲಬೇಕು, ಯಾವುದು ಬೀಳಬೇಕು ಎಂದು ಅದು ಆರಿಸುತ್ತದೆ. ಹಾಕದೇ ಇದ್ದ ಹಿಟ್ಟನ್ನು ಅದು ಕೊಡಲಾರದು. ಹಳೆಯ ಕಾರು ಕೊಂಡು, ಅದಕ್ಕೆ ಸೈಲೆನ್ಸರ್ ಮೇಲೆ ಸೈಲೆನ್ಸರ್ ಬದಲಿಸಿ, ಬೇಕಾದ ದನಿ ಬರಲಿಲ್ಲ ಎಂದು ಕೊರಗುವವರು ಮೊದಲು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಹಾಗಾದರೆ ದನಿ ಹುಟ್ಟುವುದೆಲ್ಲಿ? ಸಿಲಿಂಡರಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಕ್ಷಣದಲ್ಲಿ. ಆಗ ಸಿಲಿಂಡರಿನಲ್ಲಿ ಇನ್ನೂ ಸಾಕಷ್ಟು ಒತ್ತಡ ಉಳಿದಿರುತ್ತದೆ. ಬಿಸಿ ಅನಿಲ ಪೈಪಿಗೆ ನುಗ್ಗುತ್ತದೆ. ಅದು ಒಂದು ಬಡಿತ. ಎಂಟು ಸಿಲಿಂಡರುಗಳ ಎಂಜಿನ್ನಿನಲ್ಲಿ, ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತುವಷ್ಟರಲ್ಲಿ ಇಂಥ ಎಂಟು ಬಡಿತಗಳು, ಸರಿಯಾಗಿ 90 ಡಿಗ್ರಿಗೆ ಒಂದು. ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿ ಸುಮ್ನೆ ಓಡುತ್ತಿದ್ದರೆ ಸೆಕೆಂಡಿಗೆ 40 ಬಡಿತ. ಇಷ್ಟು ಸಮವಾಗಿ ಬಂದರೆ ನಮಗೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಕೇಳಬೇಕಿತ್ತು, ಅಲ್ವಾ? ಆದರೆ ಹಳೆಯ ಅಮೆರಿಕನ್ ವಿ-8, ಅಂದರೆ ವಿ ಆಕಾರದಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಸಿಲಿಂಡರಿರುವ ಎಂಜಿನ್, ಹಾಗೆ ಹಾಡುವುದಿಲ್ಲ. ಅದು ಗುಡುಗುಡು ಎನ್ನುತ್ತದೆ. ತಡವರಿಸುತ್ತದೆ, ಮತ್ತೆ ಓಡಿ ಹಿಡಿಯುತ್ತದೆ.

ಕಾರಣ ಸಿಲಿಂಡರುಗಳ ಸರದಿಯಲ್ಲಿದೆ. ಆ ಕಾಲದ ಪಾಂಟಿಯಾಕ್, ಷೆವರ್ಲೆ, ಕ್ರೈಸ್ಲರ್ ವಿ-8ಗಳಲ್ಲಿ ಉರಿಯುವ ಕ್ರಮ 1-8-4-3-6-5-7-2. ಬೆಸ ಸಂಖ್ಯೆಯ ಸಿಲಿಂಡರುಗಳು ಎಡಗಡೆ, ಸಮ ಸಂಖ್ಯೆಯವು ಬಲಗಡೆ. ಇದನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ ಕೈಯಲ್ಲಿ ಬಡಿದು ನೋಡುವುದು ಒಳ್ಳೆಯದು. ಮೇಜಿನ ಮೇಲೆ ಎರಡೂ ಕೈ ಇಡಿ. 1ರಿಂದ 8ರವರೆಗೆ ಒಂದೇ ಲಯದಲ್ಲಿ ಎಣಿಸಿ. ಈ ಎಣಿಕೆ ಸರದಿಯದು, ಸಿಲಿಂಡರಿನ ಸಂಖ್ಯೆಯಲ್ಲ. 1, 4, 6, 7 ಬಂದಾಗ ಎಡಗೈ ಬಡಿಯಿರಿ. 2, 3, 5, 8 ಬಂದಾಗ ಬಲಗೈ. 8 ಮುಗಿದ ಕೂಡಲೇ ನಿಲ್ಲದೆ ಮತ್ತೆ 1. ಎರಡೂ ಕೈ ಸೇರಿದರೆ ಲಯ ನೇರವಾಗಿದೆ. ಈಗ ಬಲಗೈಯನ್ನು ಎತ್ತಿಬಿಡಿ. ಎಡಗೈಯ ಬಡಿತದ ನಡುವಿನ ಅಂತರ ಕೇಳಿ: ಮೂರು, ಎರಡು, ಒಂದು, ಎರಡು. ಮತ್ತೆ ಮೂರು, ಎರಡು, ಒಂದು, ಎರಡು.

ಮಸಲ್ ಕಾರಿನ ದನಿಯ ಗುಟ್ಟು ಇದೇ. ಈ ಕಾರುಗಳಲ್ಲಿ ಎಡಕ್ಕೊಂದು, ಬಲಕ್ಕೊಂದು ಪೈಪ್ ಇರುತ್ತಿತ್ತು. ಒಂದೊಂದು ಪೈಪಿಗೂ ಒಂದೊಂದು ಕೈಯ ಬಡಿತ ಮಾತ್ರ ಸಿಗುತ್ತದೆ. 270 ಡಿಗ್ರಿ ಬಿಡುವು, ಆಮೇಲೆ 180, ಆಮೇಲೆ ಬೆನ್ನುಬೆನ್ನಿಗೆ 90, ಮತ್ತೆ 180. ಎಡಗಡೆಯಲ್ಲಿ ಹೀಗೆ ಬೆನ್ನುಬೆನ್ನಿಗೆ ಉರಿಯುವ 5 ಮತ್ತು 7ನೆಯ ಸಿಲಿಂಡರುಗಳು ಅಕ್ಕಪಕ್ಕದಲ್ಲೇ ಇವೆ. ಎರಡರ ಅನಿಲವೂ ಸಿಲಿಂಡರುಗಳ ಹೊಗೆ ಸೇರುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಒಂದರ ಮೇಲೊಂದು ಬೀಳುತ್ತದೆ. ಈ ಇಡೀ ವಿನ್ಯಾಸ ಎರಡು ಸುತ್ತಿಗೆ ಒಮ್ಮೆ ಮರುಕಳಿಸುತ್ತದೆ. ಅಂದರೆ 600 ಸುತ್ತಿನಲ್ಲಿ ಸೆಕೆಂಡಿಗೆ 5 ಸಲ. ಅಷ್ಟು ನಿಧಾನದ್ದನ್ನು ಕಿವಿ ಸ್ವರವಾಗಿ ಕೇಳುವುದಿಲ್ಲ, ತಾಳವಾಗಿ ಕೇಳುತ್ತದೆ. 3,000 ಸುತ್ತಿಗೆ ಏರಿಸಿದರೆ ಅದೇ ತಾಳ ಸೆಕೆಂಡಿಗೆ 25 ಸಲ ಬರುತ್ತದೆ. ಆಗ ಬಿಡಿ ಬಡಿತಗಳು ಕರಗಿ, ಸೆಕೆಂಡಿಗೆ 200 ಬಡಿತದ, ಅಂದರೆ 200 ಹರ್ಟ್ಸ್‌ನ ಮುಖ್ಯ ಸ್ವರದ ಕೆಳಗೆ ಒರಟು ಮೊರೆತವಾಗಿ ನಿಲ್ಲುತ್ತವೆ.

ಇದನ್ನು ದನಿಗಾಗಿ ಯಾರೂ ಯೋಜಿಸಲಿಲ್ಲ ಎನ್ನುವುದು ಇನ್ನೂ ಸೊಗಸು. ಕ್ಯಾಡಿಲಾಕ್ ಕಂಪನಿ 1914ರಲ್ಲಿ ತಂದ ವಿ-8ರ ಕ್ರ್ಯಾಂಕ್‌ಶಾಫ್ಟ್ ಚಪ್ಪಟೆಯಾಗಿತ್ತು. ಪಿಸ್ಟನ್ನುಗಳು ಹಿಡಿಯುವ ಅದರ ಮೊಣಕೈಗಳೆಲ್ಲ ಒಂದೇ ಸಮತಲದಲ್ಲಿದ್ದವು. ಎಡ, ಬಲ, ಎಡ, ಬಲ ಎಂದು ಸರದಿ ತಪ್ಪದೆ ಉರಿಯುತ್ತಿತ್ತು. ಆದರೆ ಎಂಜಿನ್ ವೇಗದ ಎರಡು ಪಟ್ಟಿನಲ್ಲಿ ಒಂದು ಅಡ್ಡ ನಡುಕ ಉಳಿಯುತ್ತಿತ್ತು. ಮೊಣಕೈಗಳನ್ನು 90 ಡಿಗ್ರಿಗೆ ಒಂದರಂತೆ, ಶಿಲುಬೆಯ ಆಕಾರದಲ್ಲಿ ತಿರುಗಿಸಿಟ್ಟು, ಭಾರದ ತೂಕಗಳನ್ನು ಸೇರಿಸಿದರೆ ಆ ನಡುಕ ಹೋಗುತ್ತದೆ ಎಂದು ಲೆಕ್ಕ ಹಾಕಿದರು. 1923ರಲ್ಲಿ ಅಂಥ ಎಂಜಿನ್ ಮಾರುಕಟ್ಟೆಗೆ ಬಂತು. ಶ್ರೀಮಂತರ ಕಾರು ಅಲುಗಾಡದೆ ಓಡಲಿ ಎಂದು ಮಾಡಿದ ಕೆಲಸ ಅದು. ಅದರ ಜೊತೆಗೇ ಉರಿಯುವ ಸರದಿ ಕೆಟ್ಟಿತು. 40 ವರ್ಷ ಕಳೆದ ಮೇಲೆ ಕೆಟ್ಟ ಸರದಿಯ ಸದ್ದಿಗೇ ಹುಡುಗರು ಮರುಳಾದರು. ಫೆರಾರಿಯ ವಿ-8ಗಳು ಇವತ್ತಿಗೂ ಚಪ್ಪಟೆ ಕ್ರ್ಯಾಂಕನ್ನೇ ಇಟ್ಟುಕೊಂಡಿವೆ. ಅದಕ್ಕೇ ಅವು ಗುಡುಗುವುದಿಲ್ಲ, ಚೀರುತ್ತವೆ. ಯಾವ ಸೈಲೆನ್ಸರ್ ಹಾಕಿದರೂ ಒಂದು ಇನ್ನೊಂದಾಗುವುದಿಲ್ಲ.

ದನಿಯನ್ನು ತಿದ್ದುವ ಕೆಲಸ ಸೈಲೆನ್ಸರ್‌ಗಿಂತ ಮೊದಲೇ, ಪೈಪಿನಲ್ಲೇ ಶುರುವಾಗುತ್ತದೆ. ಎಡ ಬಲದ ಪೈಪುಗಳ ನಡುವೆ ಒಂದು ಅಡ್ಡ ಕೊಳವೆ ಹಾಕಿದರೆ ಅದು ಎಚ್ ಪೈಪ್. ಒಂದು ಕಡೆಯ ಒತ್ತಡ ಸ್ವಲ್ಪ ಇನ್ನೊಂದು ಕಡೆಗೆ ಹರಿಯುತ್ತದೆ. ತಾಳದ ಒರಟು ಮೂಲೆಗಳು ಸವೆದು ದನಿ ತುಂಬಿಕೊಳ್ಳುತ್ತದೆ, ಆದರೆ ತಾಳ ಉಳಿಯುತ್ತದೆ. ಎರಡೂ ಪೈಪುಗಳನ್ನು ಒಂದಕ್ಕೊಂದು ತಾಗಿಸಿ ದಾಟಿಸಿದರೆ ಎಕ್ಸ್ ಪೈಪ್. ಅಲ್ಲಿ ಎರಡೂ ಕೈಗಳ ಬಡಿತ ಚೆನ್ನಾಗಿ ಬೆರೆತು, ಲಯ ಮತ್ತೆ 90 ಡಿಗ್ರಿಗೆ ಒಂದರಂತೆ ನೇರವಾಗುತ್ತದೆ. ದನಿ ನಯವಾಗುತ್ತದೆ, ಮೇಲಿನ ಸ್ವರಕ್ಕೆ ಏರುತ್ತದೆ. ರೇಸಿನ ಕಾರಿಗೆ ಅದು ಚೆಂದ. 1960ರ ದಶಕದ ಕಾರಿಗೆ ಎಕ್ಸ್ ಪೈಪ್ ಹಾಕುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಆ ಕಾರಿನ ಜೀವ ಇರುವುದೇ ಆ ಮುರಿದ ತಾಳದಲ್ಲಿ.

ಇನ್ನು ಸೈಲೆನ್ಸರ್. ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1897ರಷ್ಟು ಹಿಂದೆ, ಇಂಡಿಯಾನಾ ರಾಜ್ಯದ ರೀವ್ಸ್ ಸಹೋದರರಿಗೆ. ಅಂದಿನಿಂದ ಇಂದಿನವರೆಗೆ ವಿಧಾನ ಎರಡೇ: ಸದ್ದನ್ನು ವಾಪಸ್ ಕಳಿಸುವುದು, ಇಲ್ಲವೇ ಹೀರುವುದು.

ವಾಪಸ್ ಕಳಿಸುವುದು ಹೇಗೆ ಎನ್ನುವುದು ನನಗೆ ಅಚ್ಚುಮೆಚ್ಚಿನ ವಿಷಯ. ಸಪೂರ ಪೈಪಿನಿಂದ ದೊಡ್ಡ ಡಬ್ಬಿಗೆ ಬಂದ ತರಂಗದ ಒಂದು ಭಾಗ ಬಾಗಿಲಲ್ಲೇ ಹಿಂದಕ್ಕೆ ತಿರುಗುತ್ತದೆ. ಉಳಿದದ್ದು ಡಬ್ಬಿಯ ಆ ತುದಿಗೆ ಹೋಗಿ, ಅಲ್ಲಿ ಮತ್ತೆ ಸಪೂರವಾಗುವ ಕಡೆ ಇನ್ನೊಮ್ಮೆ ತಿರುಗುತ್ತದೆ. ಹೋಗುವ ತರಂಗ, ಬರುವ ತರಂಗ ಎರಡೂ ಸೇರಿ ಒಂದನ್ನೊಂದು ಅಳಿಸಬಹುದು, ಅಥವಾ ಅಳಿಸದೇ ಇರಬಹುದು. ಅದನ್ನು ತೀರ್ಮಾನಿಸುವುದು ಡಬ್ಬಿಯ ಉದ್ದ. ಬಿಸಿ ಅನಿಲದಲ್ಲಿ ಸದ್ದು ಬೇಗ ಓಡುತ್ತದೆ. ಕೋಣೆಯ ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಆದರೆ, ಸುಮಾರು 230 ಡಿಗ್ರಿ ಬಿಸಿಯಲ್ಲಿ 450 ಮೀಟರ್. ಡಬ್ಬಿಯ ಉದ್ದ 30 ಸೆಂಟಿಮೀಟರ್ ಇದ್ದರೆ 375 ಹರ್ಟ್ಸ್ ಆಸುಪಾಸಿನ ಸದ್ದು ಚೆನ್ನಾಗಿ ಅಡಗುತ್ತದೆ. 750 ಹರ್ಟ್ಸ್ ಮಾತ್ರ ಡಬ್ಬಿಯೇ ಇಲ್ಲವೇನೋ ಎನ್ನುವಂತೆ ದಾಟಿ ಹೋಗುತ್ತದೆ. 40 ಹರ್ಟ್ಸ್‌ನ ಬಡಿತಕ್ಕಂತೂ ಇಷ್ಟು ಗಿಡ್ಡ ಡಬ್ಬಿ ಲೆಕ್ಕಕ್ಕೇ ಇಲ್ಲ. ಇಂಥ ಡಬ್ಬಿಗಳಿಂದಾದ ಚೇಂಬರ್ ಸೈಲೆನ್ಸರ್‌ಗಳಲ್ಲಿ ಆಳದ ಬಡಿತವೂ ಒಂದು ಕಬ್ಬಿಣದ ಒರಟುತನವೂ ಉಳಿಯುವುದು ಇದರಿಂದಲೇ.

ಹೀರುವ ಜಾತಿಯದು ಗ್ಲಾಸ್‌ಪ್ಯಾಕ್. ತೂತು ತೂತಿನ ನೇರ ಕೊಳವೆ, ಅದರ ಸುತ್ತ ಗಾಜಿನ ನಾರು, ಅದರ ಹೊರಗೆ ತಗಡು. ಕೆಂಪು ಬಣ್ಣದ ಚೆರ್ರಿ ಬಾಂಬ್ ಈ ಜಾತಿಯಲ್ಲಿ ಹೆಸರುವಾಸಿ. ನಾರಿನ ನಡುವೆ ಗಾಳಿಯ ಕಣಗಳು ಉಜ್ಜಿ, ಸದ್ದು ಬಿಸಿಯಾಗಿ ಮುಗಿಯುತ್ತದೆ. ಹೆಚ್ಚಿನ ಹರ್ಟ್ಸ್‌ನ ಚುರುಕು ಸದ್ದನ್ನು ಇದು ಚೆನ್ನಾಗಿ ತಿನ್ನುತ್ತದೆ. ಆದರೆ 100 ಹರ್ಟ್ಸ್‌ನ ತರಂಗ ಆ ಪೈಪಿನೊಳಗೆ ನಾಲ್ಕೂವರೆ ಮೀಟರ್ ಉದ್ದ ಇರುತ್ತದೆ. ಒಂದು ಬೆರಳು ದಪ್ಪದ ನಾರಿಗೆ ಅದು ದಕ್ಕುವುದಿಲ್ಲ. ವರ್ಷಗಳು ಕಳೆದಂತೆ ನಾರು ಸುಟ್ಟು ಹಾರಿಹೋಗುತ್ತದೆ, ಸದ್ದು ಜಾಸ್ತಿಯಾಗುತ್ತಾ ಹೋಗುತ್ತದೆ. ಕೊಂಡ ದಿನ ಕೇಳಿದ ದನಿ ಶಾಶ್ವತ ಎಂದುಕೊಳ್ಳಬೇಡಿ.

ಇವೆರಡರ ನಡುವೆ ಟರ್ಬೊ ಎನ್ನುವುದೊಂದಿದೆ. 1962ರಲ್ಲಿ ಷೆವರ್ಲೆ ತನ್ನ ಕೊರ್ವೇರ್ ಕಾರಿಗೆ, ಹೊಗೆಯ ರಭಸದಿಂದಲೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊಚಾರ್ಜರ್ ಜೋಡಿಸಿತು. ಅದಕ್ಕೆ ಅನಿಲ ಸರಾಗವಾಗಿ ಹರಿಯುವ ಸೈಲೆನ್ಸರ್ ಬೇಕಾಯಿತು. ಬಿಡಿಭಾಗದ ಅಂಗಡಿಯಲ್ಲಿ ಅದು ಸಿಗುತ್ತದೆ ಎಂದು ತಿಳಿದ, ಕಾರುಗಳನ್ನು ವೇಗಕ್ಕಾಗಿ ತಿದ್ದುವ ಹಾಟ್‌ರಾಡ್ ಹುಡುಗರು ಟರ್ಬೊ ಇಲ್ಲದ ತಮ್ಮ ವಿ-8ಗಳಿಗೂ ಹಾಕತೊಡಗಿದರು. ಆ ಹೆಸರೇ ನಿಂತಿತು. ಇದು ಸದ್ದನ್ನು ಒಳಗೇ ಎಸ್ ಆಕಾರದಲ್ಲಿ ತಿರುಗಿಸಿ ಮೆದು ಮಾಡುತ್ತದೆ. ಇಂದು ಎಲ್ಲರೂ ಹೇಳುವ ಫ್ಲೋಮಾಸ್ಟರ್ ಸೈಲೆನ್ಸರ್ ಕಂಪನಿ ಶುರುವಾದದ್ದು 1983ರಲ್ಲಿ. 1969ರ ಕಾರಿಗೆ ಅದನ್ನು ಹಾಕಿ ಇದೇ ಆ ಕಾಲದ ಅಸಲಿ ದನಿ ಎನ್ನುವುದು ಸರಿಯಲ್ಲ. ದನಿ ಚೆನ್ನಾಗಿರಬಹುದು. ಆ ಕಾಲದ್ದಲ್ಲ.

ಈಗ ನನ್ನ ತಾಳ್ಮೆ ಕೆಡಿಸುವ ಮಾತಿಗೆ ಬರುತ್ತೇನೆ. "ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕು, ಇಲ್ಲದಿದ್ದರೆ ಪಿಕಪ್ ಹೋಗುತ್ತೆ." ಡೆಟ್ರಾಯಿಟ್‌ನಿಂದ ಹಿಡಿದು ನಮ್ಮ ಬೆಂಗಳೂರಿನ ಬೈಕ್ ಗ್ಯಾರೇಜುಗಳವರೆಗೆ ಇದು ವೇದವಾಕ್ಯ. ಇದು ತಪ್ಪು. ಬ್ಯಾಕ್ ಪ್ರೆಶರ್ ಎಂದರೆ ಹೊಗೆಗೆ ಎದುರಾಗುವ ತಡೆ. ಹೊರಗೆ ಹೋಗಬೇಕಾದ ಹೊಗೆಯನ್ನು ತಡೆದರೆ ಪಿಸ್ಟನ್ ಅದನ್ನು ತನ್ನ ಶಕ್ತಿಯಿಂದ ತಳ್ಳಬೇಕಾಗುತ್ತದೆ. ಅದರಿಂದ ಯಾವ ಎಂಜಿನ್ನಿಗೂ ಬಲ ಬರುವುದಿಲ್ಲ. ಬೇಕಾಗಿರುವುದು ವೇಗ. ಸರಿಯಾದ ಅಳತೆಯ ಪೈಪಿನಲ್ಲಿ ರಭಸವಾಗಿ ಓಡುವ ಅನಿಲ ತನ್ನ ಹಿಂದೆ ಕಡಿಮೆ ಒತ್ತಡ ಬಿಟ್ಟು ಹೋಗುತ್ತದೆ. ಪೈಪಿನ ಬಾಯಿಯಿಂದ ತಿರುಗಿ ಬರುವ ತರಂಗವೂ ಸೆಳೆತವಾಗಿಯೇ ಬರುತ್ತದೆ. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಎರಡೂ ವಾಲ್ವುಗಳು ಒಟ್ಟಿಗೆ ತೆರೆದಿರುವ ಗಳಿಗೆಗೆ ಈ ಸೆಳೆತ ಮುಟ್ಟಿದರೆ ಹಳೆಯ ಹೊಗೆ ಹೋಗಿ ಹೊಸ ಗಾಳಿ ಬರುತ್ತದೆ. ಪೈಪನ್ನು ಸುಮ್ನೆ ದಪ್ಪ ಮಾಡಿದರೆ ಅನಿಲದ ವೇಗ ಬಿದ್ದು ಸೆಳೆತ ಸೊರಗುತ್ತದೆ, ಕೆಳಗಿನ ವೇಗದಲ್ಲಿ ಎಂಜಿನ್ ಮಂಕಾಗುತ್ತದೆ. ಜೊತೆಗೆ ಕಾರ್ಬ್ಯುರೇಟರಿನ ಜೆಟ್, ಅಂದರೆ ಪೆಟ್ರೋಲ್ ಬಿಡುವ ತೂತು, ಬದಲಿಸದಿದ್ದರೆ ಪೆಟ್ರೋಲ್ ಸಾಲದಾಗುತ್ತದೆ. ಜನ ಈ ಎರಡನ್ನೂ ನೋಡಿ ಬ್ಯಾಕ್ ಪ್ರೆಶರ್ ಹೋಯಿತು ಎನ್ನುತ್ತಾರೆ.

ಸದ್ದು ಜಾಸ್ತಿಯಾದರೆ ಶಕ್ತಿ ಜಾಸ್ತಿ ಎನ್ನುವುದೂ ಇದರ ತಮ್ಮನೇ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. 350 ಅಶ್ವಶಕ್ತಿಯ ಕಾರು ಸೈಲೆನ್ಸರ್ ಇಲ್ಲದೆ ಬೀದಿಯನ್ನೇ ನಡುಗಿಸಿದರೂ ಆ ಸದ್ದಿನಲ್ಲಿರುವುದು ಆ ಶಕ್ತಿಯ ತೀರಾ ಸಣ್ಣ ಪಾಲು. ನಮ್ಮ ಕಿವಿ ಅಷ್ಟು ಸೂಕ್ಷ್ಮ. ಕ್ಯಾಲಿಫೋರ್ನಿಯಾದಲ್ಲಿ 6,000 ಪೌಂಡಿಗಿಂತ ಕಡಿಮೆ ತೂಕದ ಕಾರುಗಳಿಗೆ 95 ಡೆಸಿಬಲ್ ಮಿತಿ ಇದೆ. ಆ ಮಿತಿಯೊಳಗೇ ಒಳ್ಳೆಯ ವಿ-8ರ ತಾಳ ಪೂರ್ತಿಯಾಗಿ ಕೇಳುತ್ತದೆ.

ದನಿ ಆರಿಸಲು ಫೋನಿನಲ್ಲಿ ವಿಡಿಯೊ ನೋಡುವವರಿಗೆ ಒಂದು ಮಾತು. ಫೋನಿನ ಪುಟ್ಟ ಸ್ಪೀಕರ್ 40 ಹರ್ಟ್ಸ್ ಸದ್ದನ್ನು ಹೊರಡಿಸಲಾರದು. ಮೇಲಿನ ಸ್ವರಗಳನ್ನು ಕೇಳಿ, ಕಾಣೆಯಾದ ಕೆಳಗಿನದನ್ನು ನಮ್ಮ ಮಿದುಳೇ ಊಹಿಸಿ ತುಂಬಿಕೊಳ್ಳುತ್ತದೆ. ಹಾಗಾಗಿ ವಿಡಿಯೊದಲ್ಲಿ ನೀವು ಹೋಲಿಸುವುದು ನಿಮಗೆ ಬೇಕಾದ ಭಾಗವನ್ನೇ ಅಲ್ಲ. ಅಂಥದೇ ಎಂಜಿನ್, ಅಂಥದೇ ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಇರುವ ಕಾರನ್ನು ಹುಡುಕಿ, ಅದರ ಹಿಂದೆ ನಿಂತು ಕೇಳಿ. ಕ್ಯಾಮ್ ಯಾಕೆ ಎಂದರೆ, ನಿಂತಲ್ಲೇ ಏಳುತ್ತಾ ಬೀಳುತ್ತಾ ಓಡುವ ಆ ಸೊಕ್ಕಿನ ಸದ್ದು ವಾಲ್ವುಗಳು ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುವುದರಿಂದ ಬರುತ್ತದೆ. ಅದನ್ನು ಸೈಲೆನ್ಸರ್ ಅಂಗಡಿಯಲ್ಲಿ ಕೊಳ್ಳಲು ಆಗುವುದಿಲ್ಲ.

ಕೇಳುವಾಗ ಒಳಗೂ ಕೂತು ಕೇಳಿ. ಹೆದ್ದಾರಿಯ ವೇಗದಲ್ಲಿ, ನಿಮಿಷಕ್ಕೆ 2,000 ಸುತ್ತಿನ ಸುಮಾರಿಗೆ, ಬಡಿತ ಸೆಕೆಂಡಿಗೆ 133 ಆಗುತ್ತದೆ. ಕಾರಿನೊಳಗಿನ ಗಾಳಿಯೂ ತಗಡೂ ಅದಕ್ಕೆ ದನಿಗೂಡಿಸಿದರೆ ಒಂದೇ ಸಮನೆ ಗುಂಯ್‌ಗುಟ್ಟುವ ಹಿಂಸೆ ಶುರು. ಒಂದು ಗಂಟೆಯಲ್ಲಿ ತಲೆ ಸಿಡಿಯುತ್ತದೆ.

400 ಕ್ಯೂಬಿಕ್ ಇಂಚಿನ ಎಂಜಿನ್ ಇರುವ 1970ರ ಜಿಟಿಒಗೆ ನಾನು ಆರಿಸುವುದು ಹೀಗೆ: ಎರಡೂವರೆ ಇಂಚಿನ ಜೋಡಿ ಪೈಪ್, ನಡುವೆ ಎಚ್ ಪೈಪ್, ಎರಡು ದೊಡ್ಡ ಟರ್ಬೊ ಸೈಲೆನ್ಸರ್. ಬಾಲದ ಪೈಪುಗಳು ಹಿಂದಿನ ಬಂಪರಿನ ಆಚೆಗೇ ಬಾಯಿ ಬಿಡಬೇಕು. ಕಾರಿನ ಹೊಟ್ಟೆಯ ಕೆಳಗೇ ಮುಗಿಸಿದರೆ ಸದ್ದು ನೆಲಕ್ಕೆ ಬಡಿದು ಸೀಟಿಗೇ ಬರುತ್ತದೆ, ಹೊಗೆಯೂ ಒಳಗೆ ನುಗ್ಗುತ್ತದೆ. ಇಷ್ಟಾದ ಮೇಲೂ ಗುಂಯ್‌ಗುಟ್ಟುವುದು ಉಳಿದರೆ ಸೈಲೆನ್ಸರ್ ಬದಲಿಸಬೇಕಿಲ್ಲ. ಒಂದು ತುದಿ ಮುಚ್ಚಿದ ಕವಲು ಕೊಳವೆಯನ್ನು ಪೈಪಿಗೆ ಬೆಸುಗೆ ಹಾಕಿಸಿದರೆ ಸಾಕು. ಅದರ ಉದ್ದ ತರಂಗದ ಕಾಲು ಭಾಗ ಇರಬೇಕು: 450ನ್ನು 133ರಿಂದ ಭಾಗಿಸಿ, ಬಂದದ್ದನ್ನು ಮತ್ತೆ ನಾಲ್ಕರಿಂದ ಭಾಗಿಸಿದರೆ ಸುಮಾರು 85 ಸೆಂಟಿಮೀಟರ್. ಕವಲಿನ ತುದಿ ಮುಟ್ಟಿ ವಾಪಸ್ ಬಂದ ತರಂಗ ಅದೇ ಸ್ವರವನ್ನು ಅಳಿಸುತ್ತದೆ. ಮೂರು, ಎರಡು, ಒಂದು, ಎರಡರ ತಾಳಕ್ಕೆ ಅದು ಕೈ ಹಚ್ಚುವುದಿಲ್ಲ. ಪೈಪಿನ ಬಿಸಿ ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ, ಬೆಸುಗೆಗೆ ಮುಂಚೆ ಕೊಳವೆಯನ್ನು ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚು ಉದ್ದವೇ ಬಿಟ್ಟು, ಓಡಿಸಿ ನೋಡಿ, ಆಮೇಲೆ ಕತ್ತರಿಸುವಂತೆ ಮೆಕ್ಯಾನಿಕ್‌ಗೆ ಹೇಳಿ.