ಹಾಲು ಒಂದೇ ಸಮ ಬೆಳ್ಳಗಿದೆ, ಮತ್ಯಾಕೆ ಅದು ದ್ರಾವಣ ಅಲ್ಲ?

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳು ಟೆಸ್ಟಿನಲ್ಲಿ ‘ಹಾಲು ಒಂದು ದ್ರಾವಣ’ ಎಂದು ಬರೆದಿದ್ದಳು. ಟೀಚರ್ ತಪ್ಪು ಹಾಕಿದ್ದಾರೆ. ಸಕ್ಕರೆ ನೀರಿನ ಹಾಗೆ ಹಾಲೂ ಮೇಲಿಂದ ಕೆಳಗಿನ ತನಕ ಒಂದೇ ತರ ಇದೆ. ಸೋಸಿದರೆ ಏನೂ ಉಳಿಯುವುದಿಲ್ಲ. ಪಾಕೆಟ್ ಮೇಲೆ ‘ಹೋಮೋಜಿನೈಸ್ಡ್’ ಅಂತ ಬೇರೆ ಇದೆ. ತಪ್ಪು ಹೇಗಾಯ್ತು?

ಉತ್ತರ: ಟೀಚರ್ ಹೇಳಿದ್ದು ಸರಿ. ಆದರೆ ಮಗಳಿಗೆ ಬೈಯಬೇಡಿ, ಅವಳ ಉತ್ತರದಲ್ಲೂ ಒಂದಿಷ್ಟು ನಿಜ ಇದೆ. ಹಾಲಿನ ಒಳಗೇ ಒಂದು ದ್ರಾವಣ ಇದೆ. ಅದರ ಜೊತೆಗೆ ಇನ್ನೆರಡು ಸಂಗತಿಗಳೂ ಇವೆ.

ಮೊದಲು ಕಣ್ಣಾರೆ ನೋಡಿಬಿಡಿ. ಎರಡು ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಒಂದಕ್ಕೆ ಒಂದು ಚಮಚ ಸಕ್ಕರೆ ಹಾಕಿ ಪೂರ್ತಿ ಕರಗಿಸಿ. (ಪುಡಿ ಉಪ್ಪು ಬೇಡ. ಗಂಟು ಕಟ್ಟದಿರಲಿ ಅಂತ ಅದಕ್ಕೆ ಏನಾದರೂ ಸೇರಿಸಿರುತ್ತಾರೆ, ನೀರು ಮಬ್ಬಾಗುತ್ತದೆ.) ಇನ್ನೊಂದಕ್ಕೆ ಎರಡೇ ಎರಡು ಹನಿ ಹಾಲು ಹಾಕಿ ಕಲಕಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಲೋಟದ ಒಂದು ಪಕ್ಕದಿಂದ ಬಿಡಿ. ಸಕ್ಕರೆ ನೀರಿನಲ್ಲಿ ಬೆಳಕು ಹಾದುಹೋಗುವ ದಾರಿ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಹಾಲಿನ ನೀರಿನಲ್ಲಿ ಈ ಬದಿಯಿಂದ ಆ ಬದಿಗೆ ಬೆಳಕಿನ ಪಟ್ಟಿ ಎಳೆದ ಹಾಗೆ ಕಾಣುತ್ತದೆ, ತುಸು ನೀಲಿ ಛಾಯೆಯಲ್ಲಿ. ಈಗ ಟಾರ್ಚಿಗೆ ಎದುರಾಗಿ, ಲೋಟದ ಮೂಲಕ ಬೆಳಕನ್ನೇ ನೋಡಿ. ಅದು ಹಳದಿಗೆ ತಿರುಗಿರುತ್ತದೆ. ಪುಸ್ತಕದಲ್ಲಿ ‘ಟಿಂಡಾಲ್ ಪರಿಣಾಮ’ ಎಂದು ಓದುವುದು ಇದನ್ನೇ. 19ನೇ ಶತಮಾನದ ವಿಜ್ಞಾನಿ ಜಾನ್ ಟಿಂಡಾಲ್ ಅವರ ಹೆಸರು ಅದು.

ಕಾರಣ, ಕಣಗಳ ಗಾತ್ರ. ಸಕ್ಕರೆ ಕರಗಿದಾಗ ಅದರ ಅಣುಗಳು ಒಂದೊಂದಾಗಿ ಬಿಡಿಯಾಗಿ ನೀರಿನ ಅಣುಗಳ ನಡುವೆ ಸೇರಿಕೊಳ್ಳುತ್ತವೆ. ಒಂದು ಅಣು ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಣ್ಣದು ಬೆಳಕಿಗೆ ಅಡ್ಡಿಯೇ ಅಲ್ಲ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನ್ ಹೀಗೆ ಬಿಡಿಬಿಡಿಯಾಗಿ ಇರುವುದಿಲ್ಲ. ಸಾವಿರಾರು ಅಣುಗಳು ಗುಂಪು ಕಟ್ಟಿಕೊಂಡು 100–200 ನ್ಯಾನೋಮೀಟರಿನ ಉಂಡೆಗಳಾಗಿರುತ್ತವೆ. ಕೊಬ್ಬಿನ ಹನಿಗಳು ಇನ್ನೂ ದೊಡ್ಡವು, ಕರೆದ ಹಾಲಿನಲ್ಲಿ ಕೆಲವು ಸಾವಿರ ನ್ಯಾನೋಮೀಟರ್. ಸಕ್ಕರೆ ಅಣು ಎಳ್ಳುಕಾಳಿನಷ್ಟು ಅಂದುಕೊಂಡರೆ ಕೇಸೀನ್ ಉಂಡೆ ದೊಡ್ಡ ಹಲಸಿನಹಣ್ಣು, ಕೊಬ್ಬಿನ ಹನಿ ಮೂರಂತಸ್ತಿನ ಮನೆ! ಇವು ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತವೆ. ಹಾಲು ಬೆಳ್ಳಗೆ ಕಾಣುವುದೂ ಅದಕ್ಕೇ, ಅದರಲ್ಲಿ ಬಿಳಿ ಬಣ್ಣ ಅಂತ ಬೇರೆ ಏನೂ ಇಲ್ಲ. ಆದರೂ ಫಿಲ್ಟರ್ ಪೇಪರಿನ ರಂಧ್ರಗಳು ಈ ಉಂಡೆಗಳಿಗಿಂತ ಎಷ್ಟೋ ದೊಡ್ಡವು. ಹಾಗಾಗಿ ಸೋಸಿದರೆ ಏನೂ ಉಳಿಯಲಿಲ್ಲ ಅಂದಮಾತ್ರಕ್ಕೆ ಅದು ದ್ರಾವಣ ಆಗುವುದಿಲ್ಲ. ಮಗಳು ಎಡವಿದ್ದು ಇಲ್ಲೇ.

ಇನ್ನು ಹಾಲಿನೊಳಗಿನ ದ್ರಾವಣ ಎಲ್ಲಿ? ಕುದಿಯುವ ಹಾಲಿಗೆ ನಿಂಬೆರಸ ಹಿಂಡಿ. ಹುಳಿ ಬಿದ್ದ ತಕ್ಷಣ, ಅಲ್ಲಿಯವರೆಗೆ ಒಂದನ್ನೊಂದು ದೂರ ತಳ್ಳುತ್ತಿದ್ದ ಕೇಸೀನ್ ಉಂಡೆಗಳು ಅಂಟಿಕೊಳ್ಳುತ್ತವೆ, ಕೊಬ್ಬನ್ನೂ ಜೊತೆಗೆ ಎಳೆದುಕೊಳ್ಳುತ್ತವೆ. ಹಾಲು ಒಡೆಯಿತು. ಬಟ್ಟೆಯಲ್ಲಿ ಸೋಸಿದರೆ ಪನೀರ್ ಮೇಲೆ, ಹಸಿರು-ಹಳದಿ ನೀರು ಕೆಳಗೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ಲವಣಗಳು ಕರಗಿರುವುದು ಆ ನೀರಿನಲ್ಲಿ. ಅವು ನಿಜವಾದ ದ್ರಾವಣದಲ್ಲೇ ಇದ್ದವು. ನಮಗೆ ಕಾಣುತ್ತಿರಲಿಲ್ಲ ಅಷ್ಟೆ.

ಹಾಗಾದರೆ ಹಾಲು ಸಂಯುಕ್ತ (ಧಾತುಗಳು ನಿಗದಿತ ಪ್ರಮಾಣದಲ್ಲಿ ಕೂಡಿ ಆದ ವಸ್ತು) ಯಾಕಲ್ಲ ಎಂದು ಮುಂದೆ ಕೇಳಿಯೇ ಕೇಳುತ್ತಾಳೆ. ನೀರು ಸಂಯುಕ್ತ. ಎಲ್ಲಿಯ ನೀರನ್ನೇ ತೆಗೆದುಕೊಳ್ಳಿ, ತೂಕದಲ್ಲಿ 1 ಪಾಲು ಹೈಡ್ರೋಜನ್‌ಗೆ 8 ಪಾಲು ಆಕ್ಸಿಜನ್. ಹಾಲಿಗೆ ಇಂಥ ಲೆಕ್ಕವೇ ಇಲ್ಲ. ಹಸುವಿನ ಹಾಲಿನಲ್ಲಿ ನೀರು ಸುಮಾರು 87%, ಕೊಬ್ಬು ಸುಮಾರು 4%. ಎಮ್ಮೆ ಹಾಲಿನಲ್ಲಿ ಕೊಬ್ಬು ಇನ್ನೂ ಜಾಸ್ತಿ. ಟೋನ್ಡ್ ಪಾಕೆಟ್‌ನಲ್ಲಿ 3%, ಫುಲ್ ಕ್ರೀಮ್‌ನಲ್ಲಿ 6%. ಎಲ್ಲವೂ ಹಾಲೇ. ಹೀಗೆ ಬದಲಾಗುವುದರಿಂದಲೇ ಹಳ್ಳಿಯ ಡೈರಿಯಲ್ಲಿ ಫ್ಯಾಟ್ ನೋಡಿ ರೇಟು ಕಟ್ಟುವುದು. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರನ್ನಷ್ಟೇ ನಂಬಿದರೆ ಸಾಲದು. ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡುವ ಚಾಲಾಕಿಗೆ ಡಿಗ್ರಿ ಸರಿಯಾಗಿಯೇ ಬರಬಹುದು!

ಪಾಕೆಟ್ ಮೇಲಿನ ‘ಹೋಮೋಜಿನೈಸ್ಡ್’ ವಿಷಯ. ಹಾಲನ್ನು ಭಾರೀ ಒತ್ತಡದಲ್ಲಿ ತೀರಾ ಕಿರಿದಾದ ಸಂದಿಯಲ್ಲಿ ನುಗ್ಗಿಸಿ, ಕೊಬ್ಬಿನ ಹನಿಗಳನ್ನು 1000 ನ್ಯಾನೋಮೀಟರಿಗಿಂತ ಚಿಕ್ಕದಾಗಿ ಒಡೆದಿರುತ್ತಾರೆ. ಆಮೇಲೆ ಅವು ಬೇಗ ಮೇಲೇಳುವುದಿಲ್ಲ. ಹಾಲು ಕಾಯಿಸಿದರೆ ದಪ್ಪ ಕೆನೆ ಕಟ್ಟಲ್ಲ ಅನ್ನುವ ದೂರು ಬರುವುದು ಇದರಿಂದ. ಹನಿಗಳು ಚಿಕ್ಕವಾದವು ಹೊರತು ಕರಗಲಿಲ್ಲ. ಹೋಮೋಜಿನೈಸ್ ಮಾಡದ ಹಾಲನ್ನು ಸುಮ್ನೆ ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಕೊಬ್ಬು ತಾನಾಗಿ ಮೇಲೆ ಬಂದು ಕೂರುತ್ತದೆ. ಸಕ್ಕರೆ ನೀರನ್ನು ಎಷ್ಟು ದಿನ ಇಟ್ಟರೂ ಸಕ್ಕರೆ ಹಾಗೆ ಬೇರೆಯಾಗಿ ತೇಲುವುದಿಲ್ಲ.

ಪರೀಕ್ಷೆಯಲ್ಲಿ ‘ಹಾಲು ಒಂದು ಕಲಿಲ’ ಎಂದು ಬರೆಯಲಿ. ಕೇಸೀನ್ ಉಂಡೆಗಳಂಥ ಸಣ್ಣ ಕಣಗಳು ಕರಗದೆ ಎಲ್ಲೆಡೆ ಹರಡಿಕೊಂಡಿರುವ ಮಿಶ್ರಣವೇ ಕಲಿಲ. ಎರಡು ಅಂಕದ ಪ್ರಶ್ನೆಯಾದರೆ, ಕಣಗಳು ಬೆಳಕನ್ನು ಚದುರಿಸುತ್ತವೆ ಎಂಬ ಕಾರಣವನ್ನೂ ಸೇರಿಸಲಿ. ಒಂದೇ ಹಾಲಿನಲ್ಲಿ ದ್ರಾವಣ, ಕಲಿಲ, ಮೇಲೇಳುವ ಕೆನೆ ಮೂರೂ ಇವೆ ಎನ್ನುವುದಕ್ಕೆ ಉತ್ತರ ಪತ್ರಿಕೆಯಲ್ಲಿ ಜಾಗ ಕೊಟ್ಟಿರುವುದಿಲ್ಲ, ಅದನ್ನು ಟೀಚರ್ ಹತ್ತಿರ ಬಾಯಿಮಾತಿನಲ್ಲೇ ಕೇಳಲಿ.