‘ಮೀಡಿಯಾಸ್ಟೈನಲ್ ಮಾಸ್’ ಅಂದರೆ ಲಂಗ್ ಕ್ಯಾನ್ಸರ್ ಅಲ್ಲ

‘ಪುಟ್ಟ ಮಗುವಿಗೆ ಶ್ವಾಸಕೋಶದ ಕ್ಯಾನ್ಸರ್, ನೆರವಾಗಿ’ ಅಂತ ವಾಟ್ಸಾಪಿನಲ್ಲಿ ಪೋಸ್ಟರ್ ಬರುತ್ತದೆ. ಜೊತೆಗಿರುವ ಸ್ಕ್ಯಾನ್ ರಿಪೋರ್ಟ್ ತೆರೆದರೆ ಅಲ್ಲಿರುವುದು ‘ಮೀಡಿಯಾಸ್ಟೈನಲ್ ಮಾಸ್’. ಅಷ್ಟರಲ್ಲಿ ಯಾರೋ ಒಬ್ಬರು ‘ಅಪ್ಪ ಸಿಗರೇಟು ಸೇದ್ತಾರಾ?’ ಅಂತ ಕೇಳಿಯೂ ಆಗಿರುತ್ತದೆ.

ಎರಡು ಶ್ವಾಸಕೋಶಗಳ ನಡುವಿನ ಜಾಗ ಮೀಡಿಯಾಸ್ಟೈನಮ್. ಹೃದಯ, ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳು ಎಲ್ಲ ಅಲ್ಲೇ. ಮಕ್ಕಳ ಎದೆಯ ಗಡ್ಡೆಗಳು ಜಾಸ್ತಿ ಹುಟ್ಟುವುದೂ ಅಲ್ಲೇ. ಶ್ವಾಸಕೋಶದಲ್ಲೇ ಹುಟ್ಟುವ ಕ್ಯಾನ್ಸರ್ ಮಕ್ಕಳಲ್ಲಿ ತೀರಾ ಅಪರೂಪ.

ಇನ್ನು ‘ಮಾಸ್’. ಇದು ಕಾಯಿಲೆಯ ಹೆಸರೇ ಅಲ್ಲ, ಸ್ಕ್ಯಾನಿನಲ್ಲಿ ಏನೋ ಗಂಟು ಕಂಡಿದೆ ಅಂತಷ್ಟೇ. ಅದು ಟಿಬಿಯಿಂದ ಊದಿದ ದುಗ್ಧಗ್ರಂಥಿ (ಲಿಂಫ್ ನೋಡ್) ಇರಬಹುದು. ಎಳೆ ಮಗುವಿನ ಎಕ್ಸ್‌ರೇಯಲ್ಲಾದರೆ ಸಹಜವಾದ ಥೈಮಸ್ ಗ್ರಂಥಿಯೂ ಇರಬಹುದು, ಆ ವಯಸ್ಸಿನಲ್ಲಿ ಅದು ದೊಡ್ಡದಾಗಿಯೇ ಇರುತ್ತದೆ. ಇದು ತಿಳಿಯದೆ 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ವೈದ್ಯರು ಚೆನ್ನಾಗಿದ್ದ ಕೂಸುಗಳ ಥೈಮಸ್‌ಗೆ ರೇಡಿಯೇಷನ್ ಕೊಟ್ಟರು. ಅವರಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಗಂಟು ಕಂಡ ಕೂಡಲೇ ಹೆಸರಿಡುವ ಆತುರ ಹೊಸದೇನಲ್ಲ.

ಗಡ್ಡೆ ಎಲ್ಲಿದೆ ಅನ್ನುವುದೇ ದೊಡ್ಡ ಸುಳಿವು. ಎದೆಯ ಮುಂಭಾಗದಲ್ಲಿದ್ದರೆ ಹೆಚ್ಚಾಗಿ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್; ಕೆಲವೊಮ್ಮೆ ಟೆರಟೋಮಾ, ಅಂದರೆ ಭ್ರೂಣಕಾಲದ ಜೀವಕೋಶಗಳಿಂದ ಹುಟ್ಟುವ ಗಡ್ಡೆ. ಬೆನ್ನುಮೂಳೆಯ ಪಕ್ಕದಲ್ಲಿದ್ದರೆ ನರಗಳಿಂದ ಹುಟ್ಟಿದ ನ್ಯೂರೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್, ಇಲ್ಲವೇ ಕ್ಯಾನ್ಸರ್ ಅಲ್ಲದ ಗ್ಯಾಂಗ್ಲಿಯೋನ್ಯೂರೋಮಾ. ಗ್ಯಾಂಗ್ಲಿಯೋನ್ಯೂರೋಮಾ ಎಷ್ಟೋ ಸಲ ಸದ್ದಿಲ್ಲದೆ ಇದ್ದು, ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ.

ಲಕ್ಷಣಗಳು ಮಾಮೂಲಿ ಕೆಮ್ಮು, ಗೊರಗೊರ ಉಸಿರು. ಹಾಗಾಗಿ ‘ಆಸ್ತಮಾ’ ಅನ್ನಿಸಿಕೊಳ್ಳುತ್ತವೆ. ಆದರೆ ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಬೆಳಿಗ್ಗೆ ಮುಖ ಊದಿ ಕತ್ತಿನ ರಕ್ತನಾಳ ಉಬ್ಬುವುದು ಆಸ್ತಮಾ ಅಲ್ಲ. ಅದು ತುರ್ತು. ಒಂದೇ ಕಣ್ಣಿನ ರೆಪ್ಪೆ ಜೋತು ಪಾಪೆ ಚಿಕ್ಕದಾದರೂ ಎದೆಯ ಎಕ್ಸ್‌ರೇ ಬೇಕಾದೀತು, ಕಣ್ಣಿಗೆ ಹೋಗುವ ನರವನ್ನು ಎದೆಯ ಗಡ್ಡೆ ಒತ್ತಿರಬಹುದು. ಇಂಥ ಮಗುವಿಗೆ ಆಸ್ತಮಾ ಅಂತ ಸುಮ್ನೆ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕರಗಿ, ಬಯಾಪ್ಸಿಯಲ್ಲಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆಯಲ್ಲಿ) ಏನೂ ಸಿಗದೆ ಹೋಗಬಹುದು.

ಗುಣವಾಗುತ್ತದಾ? ಅದು ಬಯಾಪ್ಸಿ ಹೇಳುವ ಹೆಸರಿನ ಮೇಲಿದೆ. ಗ್ಯಾಂಗ್ಲಿಯೋನ್ಯೂರೋಮಾಗೆ ಸಾಮಾನ್ಯವಾಗಿ ಆಪರೇಷನ್ ಸಾಕು. ಲಿಂಫೋಮಾದ ಒಂದು ಬಗೆಯಾದ ಹಾಡ್ಜ್‌ಕಿನ್ ಲಿಂಫೋಮಾ ಬಂದ ಮಕ್ಕಳಲ್ಲಿ, ಒಳ್ಳೆಯ ಚಿಕಿತ್ಸೆ ಸಿಕ್ಕರೆ, ಶೇ. 90ಕ್ಕೂ ಹೆಚ್ಚು ಮಂದಿ ಬದುಕುತ್ತಾರೆ. ಎದೆಯಲ್ಲಿ ಹುಟ್ಟಿದ ನ್ಯೂರೋಬ್ಲಾಸ್ಟೋಮಾ ಕೂಡ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕಿಂತ ಸಾಮಾನ್ಯವಾಗಿ ಚೆನ್ನಾಗಿ ಮಣಿಯುತ್ತದೆ. ಬೇರೆಡೆ ಹರಡಿದ್ದರೆ ಲೆಕ್ಕ ಬೇರೆ.