ಆ ನಗು ಬರೆದವರು ಯಾರು? ಅನಿತಾ ಲೂಸ್ ಮತ್ತು ಹೆಸರಿನ ಹಳೇ ತಕರಾರು

ನಮ್ಮ ಸಿನಿಮಾ ಶುರುವಾಗುವಾಗ ‘ಕಥೆ, ಚಿತ್ರಕಥೆ, ಸಂಭಾಷಣೆ’ ಎಂದು ಹೆಸರುಗಳು ಬರುತ್ತವಲ್ಲ, ಹೆಚ್ಚಿನವರು ಆಗ ಸೀಟು ಹುಡುಕುತ್ತಿರುತ್ತಾರೆ. ಆದರೆ ಬರೆದವರಿಗೆ ಆ ಎರಡು ಸೆಕೆಂಡು ದೊಡ್ಡದು. ಹಾಲಿವುಡ್‌ನಲ್ಲಿ ಈ ಹೆಸರಿನ ತಕರಾರಿಗೆ ನೂರು ವರ್ಷ ದಾಟಿದೆ. ಅದನ್ನು ಅರ್ಥ ಮಾಡಿಕೊಳ್ಳಲು ಅನಿತಾ ಲೂಸ್ ಎಂಬ ಹಾಸ್ಯ ಬರಹಗಾರ್ತಿಯ ಬದುಕನ್ನು ನೋಡಿದರೆ ಸಾಕು.

ಲೂಸ್ ಹುಟ್ಟಿದ್ದು 1888ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಪತ್ರಿಕೆ ನಡೆಸುತ್ತಿದ್ದವರು. ಮಗಳು ಚಿಕ್ಕಂದಿನಿಂದಲೇ ನಾಟಕದ ವೇದಿಕೆ ಹತ್ತಿದ್ದಳು. 1912ರಲ್ಲಿ ಅವರು ಬಯೋಗ್ರಾಫ್ ಎಂಬ ಸಿನಿಮಾ ಕಂಪನಿಗೆ ಅಂಚೆಯಲ್ಲಿ ಒಂದು ಕಥೆ ಕಳಿಸಿದರು. ಸತ್ತ ತಾಯಿ ಬಿಟ್ಟುಹೋದ ದುಡ್ಡಿನಲ್ಲಿ ಊರಿನ ಪಾದ್ರಿ ಅವಳ ಮಗಳಿಗೆ ಟೋಪಿ ಕೊಡಿಸುತ್ತಾನೆ, ಊರು ಗುಸುಗುಸು ಶುರುಮಾಡುತ್ತದೆ, ಇಷ್ಟೇ ಕಥೆ. ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್ ಅದನ್ನು ‘ದಿ ನ್ಯೂಯಾರ್ಕ್ ಹ್ಯಾಟ್’ ಎಂದು ತೆಗೆದರು. ಮೇರಿ ಪಿಕ್‌ಫೋರ್ಡ್, ಲಯೋನೆಲ್ ಬ್ಯಾರಿಮೋರ್ ನಟಿಸಿದರು. ಬರೆದವರಿಗೆ ಸಿಕ್ಕಿದ್ದು 25 ಡಾಲರ್. ಬಯೋಗ್ರಾಫ್ ಆಗ ನಟರ ಹೆಸರನ್ನೇ ಹಾಕುತ್ತಿರಲಿಲ್ಲ, ಇನ್ನು ಬರೆದವರ ಹೆಸರನ್ನು ಕೇಳುವವರು ಯಾರು?

ಮುಂದಿನ ಕೆಲವು ವರ್ಷ ಲೂಸ್ ಸುಮ್ನೆ ಬರೆಯುತ್ತಲೇ ಹೋದರು. ನನ್ನ ಮಟ್ಟಿಗೆ ಅವರ ನಿಜವಾದ ಸಾಧನೆ ಕಾಣುವುದು 1916ರಲ್ಲಿ.

ಮೂಕಿ ಸಿನಿಮಾದಲ್ಲಿ ದೃಶ್ಯಗಳ ನಡುವೆ ಕಪ್ಪು ತೆರೆಯ ಮೇಲೆ ಅಕ್ಷರ ಬರುತ್ತಿತ್ತು. ಅದನ್ನು ಟೈಟಲ್ ಎನ್ನುತ್ತಿದ್ದರು. ‘ಮರುದಿನ ಬೆಳಿಗ್ಗೆ’, ‘ಆಸ್ಪತ್ರೆಯಲ್ಲಿ’ ಎಂದು ತಿಳಿಸುವುದು ಅದರ ಕೆಲಸ. ನಗಿಸುವುದು ನಟನ ಕೈಕಾಲಿನ ಕೆಲಸ, ಅಂದರೆ ಬೀಳುವುದು, ಏಳುವುದು, ಓಡುವುದು. ಟೈಟಲ್ ಓದಿಯೂ ಜನ ನಗಬಹುದು ಎಂದು ಲೂಸ್ ತೋರಿಸಿದರು. ‘ಹಿಸ್ ಪಿಕ್ಚರ್ ಇನ್ ದಿ ಪೇಪರ್ಸ್’ ಅಂಥ ಸಿನಿಮಾ. ಅಪ್ಪ 27 ಬಗೆಯ ಸಸ್ಯಾಹಾರಿ ತಿನಿಸು ತಯಾರಿಸುವ ಶ್ರೀಮಂತ. ಮಗನಿಗೆ ಮಾಂಸವೇ ಇಷ್ಟ. ಹೇಗಾದರೂ ಪೇಪರಿನಲ್ಲಿ ತನ್ನ ಫೋಟೊ ಬರಬೇಕು, ಆ ಪ್ರಚಾರದಿಂದ ಅಪ್ಪನ ಸರಕು ಮಾರಾಟವಾಗಬೇಕು. ಮಗನಾಗಿ ನಟಿಸಿದವರು ಡಗ್ಲಸ್ ಫೇರ್‌ಬ್ಯಾಂಕ್ಸ್. ಹೈನ್ಸ್ ಕಂಪನಿಯ ‘57 ಬಗೆ’ ಜಾಹೀರಾತನ್ನು ನೋಡಿದ್ದ ಜನರಿಗೆ ಆ 27ರ ತಮಾಷೆ ತಕ್ಷಣ ಗೊತ್ತಾಗುತ್ತಿತ್ತು. ಪ್ರಚಾರದ ಹುಚ್ಚನ್ನು ಇಷ್ಟು ಬೇಗ, ಇಷ್ಟು ಸರಿಯಾಗಿ ಹಿಡಿದವರು ಕಡಿಮೆ, ಅಲ್ವಾ?

ಗ್ರಿಫಿತ್‌ಗೆ ಮಾತ್ರ ಇದು ರುಚಿಸಿರಲಿಲ್ಲ, ಸಿನಿಮಾಕ್ಕೆ ಬರುವವರು ಓದಲು ಬರುವುದಿಲ್ಲ ಎನ್ನುವುದು ಅವರ ವಾದವಾಗಿತ್ತು ಎಂದು ಲೂಸ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಆದರೆ ಜನ ನಕ್ಕರು. ಅದೇ ವರ್ಷ ಗ್ರಿಫಿತ್ ತಮ್ಮ ‘ಇಂಟಾಲರೆನ್ಸ್’ಗೆ ಟೈಟಲ್ ಬರೆಯಲು ಲೂಸ್ ಅವರನ್ನೇ ಕೂರಿಸಿಕೊಂಡರು. ಫೇರ್‌ಬ್ಯಾಂಕ್ಸ್ ಎಂಬ ನಗುಮುಖದ, ಜಿಗಿದಾಡುವ ಹೀರೋ ರೂಪುಗೊಂಡಿದ್ದು ಲೂಸ್ ಬರೆದ ಇಂಥ ಸಿನಿಮಾಗಳಿಂದ. ಜಿಗಿದವರ ಹೆಸರು ಉಳಿಯಿತು. ಅವರಿಗೆ ಮಾತು ಕೊಟ್ಟವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು?

ತಕರಾರಿನ ಎರಡನೇ ಗಂಟು ಇಲ್ಲಿಂದಲೇ ಬಿತ್ತು. ಈ ಸಿನಿಮಾಗಳಲ್ಲಿ ಹಲವನ್ನು ನಿರ್ದೇಶಿಸಿದವರು ಜಾನ್ ಎಮರ್ಸನ್. 1919ರಲ್ಲಿ ಲೂಸ್ ಅವರನ್ನೇ ಮದುವೆಯಾದರು. ಅಷ್ಟು ಹೊತ್ತಿಗೆ ‘ಜಾನ್ ಎಮರ್ಸನ್ ಮತ್ತು ಅನಿತಾ ಲೂಸ್’ ಎನ್ನುವುದು ಒಂದೇ ಹೆಸರಿನಂತೆ ತೆರೆಯ ಮೇಲೆ ಬರುತ್ತಿತ್ತು. 1920ರಲ್ಲಿ ಸಿನಿಮಾ ಕಥೆ ಬರೆಯುವುದು ಹೇಗೆ ಎಂಬ ಪುಸ್ತಕವೂ ಇಬ್ಬರ ಹೆಸರಿನಲ್ಲಿ ಬಂತು. ಅಲ್ಲೂ ಎಮರ್ಸನ್ ಹೆಸರೇ ಮೊದಲು. ಬರೆಯುತ್ತಿದ್ದುದು ತಾನು ಎಂದು ಲೂಸ್ ಮುಪ್ಪಿನಲ್ಲಿ ಹೇಳಿಕೊಂಡರು. ಇಬ್ಬರೇ ಇದ್ದ ಕೋಣೆಯ ಲೆಕ್ಕವನ್ನು ಹೊರಗಿನವರು ಹಾಕುವುದು ಕಷ್ಟ. ಒಂದು ಮಾತಂತೂ ಹೇಳಬಹುದು. 1925ರಲ್ಲಿ ಅವರೊಬ್ಬರ ಹೆಸರಿನಲ್ಲೇ ಬಂದ ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಕಾದಂಬರಿ ಓದಿದರೆ, ಆ ಚುರುಕು ಯಾರ ಕೈಯದು ಎಂಬ ಅನುಮಾನ ಜಾಸ್ತಿ ಉಳಿಯುವುದಿಲ್ಲ. ಹೊಂಗೂದಲಿನ ಲೊರೆಲೈ ಲೀ ತಪ್ಪು ಕಾಗುಣಿತದಲ್ಲಿ ಬರೆಯುವ ದಿನಚರಿ ಅದು.

ಮಾತಿನ ಸಿನಿಮಾ ಬಂದ ಮೇಲೆ ಎಂಜಿಎಂ ಸ್ಟುಡಿಯೊದಲ್ಲಿ ಇನ್ನೊಂದು ಪದ್ಧತಿ ಕಾದಿತ್ತು. ಒಂದೇ ಕಥೆಯನ್ನು ಒಬ್ಬರಾದ ಮೇಲೆ ಒಬ್ಬರಿಗೆ ಕೊಟ್ಟು ತಿದ್ದಿಸುವುದು. 1932ರ ‘ರೆಡ್-ಹೆಡೆಡ್ ವುಮನ್’ ಮೊದಲು ಬರೆದವರು ಕಾದಂಬರಿಕಾರ ಸ್ಕಾಟ್ ಫಿಟ್ಜ್‌ಜೆರಾಲ್ಡ್. ಅದು ತೀರಾ ಗಂಭೀರವಾಯಿತೆಂದು ನಿರ್ಮಾಪಕ ಥಾಲ್ಬರ್ಗ್ ಲೂಸ್ ಅವರನ್ನು ಕರೆಸಿದರು. ತೆರೆಯ ಮೇಲೆ ಚಿತ್ರಕಥೆಗೆ ಬಂದದ್ದು ಲೂಸ್ ಹೆಸರು ಮಾತ್ರ. ಈ ಸಲ ಅಳಿಸಿಹೋಗಿದ್ದು ಇನ್ನೊಬ್ಬರದು. ಅದೂ ಸರಿ ಎಂದು ನನಗೆ ಅನಿಸುವುದಿಲ್ಲ. 1939ರ ‘ದಿ ವಿಮೆನ್’ನಲ್ಲಿ ಲೂಸ್ ಮತ್ತು ಜೇನ್ ಮರ್ಫಿನ್ ಹೆಸರಿದೆ. ಅದರ ಮೇಲೂ ಫಿಟ್ಜ್‌ಜೆರಾಲ್ಡ್ ಕೆಲಸ ಮಾಡಿದ್ದರು, ಹೆಸರು ಬರಲಿಲ್ಲ.

ಇಂಥ ಗೊಂದಲದ ಕಾಲದಲ್ಲೇ, 1933ರಲ್ಲಿ, ಬರಹಗಾರರ ಸಂಘ ಗಟ್ಟಿಯಾಗಿ ಎದ್ದು ನಿಂತಿತು. ಯಾರ ಹೆಸರು ಹಾಕಬೇಕು ಎಂದು ತೀರ್ಮಾನಿಸುವ ಅಧಿಕಾರ ಸ್ಟುಡಿಯೊಗಳ ಕೈಯಿಂದ ಸಂಘಕ್ಕೆ ಬಂದದ್ದು 1940ರ ದಶಕದ ಆರಂಭದಲ್ಲಿ. ಅಲ್ಲಿಂದ 2023ರಲ್ಲಿ ಬರಹಗಾರರು ನಡೆಸಿದ 148 ದಿನಗಳ ಮುಷ್ಕರದವರೆಗೆ, ಎಐ ಯಂತ್ರ ಬರೆದದ್ದರಿಂದ ಮನುಷ್ಯರ ಹೆಸರಿಗೆ ಕುತ್ತು ಬರಬಾರದು ಎಂಬ ಷರತ್ತಿನವರೆಗೆ, ಜಗ್ಗಾಟ ಅದೇ.

ಲೂಸ್ 1981ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಮರ್ಲಿನ್ ಮನ್ರೋ ನಟಿಸಿದ 1953ರ ‘ಬ್ಲಾಂಡ್ಸ್’. ಆದರೆ ಅದರ ಚಿತ್ರಕಥೆ ಬರೆದವರು ಚಾರ್ಲ್ಸ್ ಲೆಡರರ್. ಲೂಸ್ ತಮ್ಮ ಪುಸ್ತಕದ ಮೇಲೆ ತಾವೇ ಕೆಲಸ ಮಾಡಿದ ಸಿನಿಮಾ 1928ರದು, ಮೂಕಿ, ಟೈಟಲ್‌ಗಳಿದ್ದದ್ದು. ಅದರ ಒಂದು ಪ್ರತಿಯೂ ಉಳಿದಿಲ್ಲ.